ನೀರಿಗೆ ಬಿಡದ ಬಣ್ಣ

ಆ ಊರಿಗೂ ಒಂದು ಹೆಸರಿತ್ತಂತೆ. ತೊಳೆದು ತೊಳೆದು ಹೋಯಿತು. ಈಗ ಅಲ್ಲಿ ಬದುಕಿರುವವರು ಅದನ್ನು ಊರು ಅನ್ನುತ್ತಾರೆ, ಸತ್ತವರು ಏನೂ ಅನ್ನುವುದಿಲ್ಲ.

ಊರ ನಡುವೆ ಬಿಳಿ ಕಲ್ಲಿನ ಒಂದು ತೊಟ್ಟಿ. ತೊಟ್ಟಿಯ ಪಕ್ಕ ಒಂದು ಕಂಬ. ಕಂಬದಿಂದ ಹೊರಟ ಬಟ್ಟೆಯೊಂದು ಮನೆಗಳ ಸೂರಿನ ಮೇಲೆ ಹಾದು, ಬಾವಿಯ ಮೇಲೆ ಹಾದು, ಊರಾಚೆಯ ಗಡಿಕಲ್ಲಿನ ತನಕ ಹೋಗುತ್ತಿತ್ತು. ಅದಕ್ಕೆ ಊರ ಸೆರಗು ಅನ್ನುತ್ತಿದ್ದರು. ಗೇಣಿಗೊಂದು ತುಂಡು, ತುಂಡಿಗೊಬ್ಬ ಮನುಷ್ಯ.

ಆ ಊರಲ್ಲಿ ಮಕ್ಕಳು ಬಣ್ಣದೊಂದಿಗೇ ಹುಟ್ಟುತ್ತಿದ್ದವು. ಒಂದು ಕೂಸು ಅರಿಶಿನದ ಕೊಂಬಿನ ಹಾಗೆ, ಇನ್ನೊಂದು ಎಳೆ ಬದನೆಕಾಯಿಯ ಹಾಗೆ, ಮತ್ತೊಂದು ಮಾವಿನ ಚಿಗುರಿನ ಹಾಗೆ. ಐದು ವರ್ಷ ಆ ಬಣ್ಣ ಮಗುವಿನದು. ಐದು ತುಂಬಿದ ದಿನ ನೆತ್ತಿಯ ಮೇಲೆ ಸೂರ್ಯ ಬಂದಾಗ ಅಪ್ಪ ಮಗುವನ್ನು ತೊಟ್ಟಿಗೆ ಇಳಿಸುತ್ತಿದ್ದ. ಅಮ್ಮ ಬರಿಗೈ ಚಾಚಿ, ಕೊಡು ಮಗುವೇ, ಅನ್ನುತ್ತಿದ್ದಳು. ಬಣ್ಣ ಮೈಯಿಂದ ಎದ್ದು ನೀರಿಗೆ ಹೋಗುತ್ತಿತ್ತು. ಸುತ್ತ ನಿಂತವರು, ಕೊಟ್ಟಿತು, ಅನ್ನುತ್ತಿದ್ದರು. ಮಗು ಬೂದಿಯ ಬಣ್ಣವಾಗಿ ಮೇಲೆ ಬರುತ್ತಿತ್ತು. ಆ ನೀರಲ್ಲಿ ಒಂದು ಗೇಣು ಬಟ್ಟೆ ಅದ್ದಿ ಊರ ಸೆರಗಿಗೆ ಹೊಲಿಯುತ್ತಿದ್ದರು. ಊರಿಗೆ ಒಬ್ಬರು ಹೆಚ್ಚಾದರು, ಸೆರಗು ಒಂದು ಗೇಣು ಬೆಳೆಯಿತು.

ಸೆರಗಿಗೆ ಹೊಲಿಸಿಕೊಂಡವರು ಗಡಿಕಲ್ಲು ದಾಟುವಂತಿರಲಿಲ್ಲ. ದಾಟಿದರೆ ಒಂದು ಎಳೆ ಬಿಚ್ಚುತ್ತದೆ, ಒಂದು ಎಳೆ ಬಿಚ್ಚಿದರೆ ಇಡೀ ಸೆರಗು ಬಿಚ್ಚುತ್ತದೆ ಎಂದು ನಂಬಿಕೆ. ಯಾರೂ ದಾಟಿ ನೋಡಿರಲಿಲ್ಲ, ಆದ್ದರಿಂದ ನಂಬಿಕೆ ಗಟ್ಟಿಯಾಗಿತ್ತು.

ತೊಟ್ಟಿಯ ಅಂಚಿನ ಮೇಲೆ ಒಂದು ಮಾತು ಕೆತ್ತಿತ್ತು: ಕೊಟ್ಟರೆ ಬಣ್ಣ, ಇಟ್ಟುಕೊಂಡರೆ ಕಳವು.

ಆ ಊರಲ್ಲಿ ಒಬ್ಬ ತಾಯಿ. ಚಿಕ್ಕ ವಯಸ್ಸಿನವಳು, ಹಸಿರು ಬಣ್ಣ ಕೊಟ್ಟವಳು. ಅವಳ ಗೇಣು ಬಾವಿಯ ಮೇಲೆ ತೂಗುತ್ತಿತ್ತು. ಬಿಸಿಲಿಗೆ, ಮಳೆಗೆ, ಕಾಗೆಯ ಹಿಕ್ಕೆಗೆ ಅದು ಯಾವ ಬಣ್ಣವೂ ಅಲ್ಲದ ಬಣ್ಣವಾಗಿತ್ತು. ನೀರು ಸೇದುವಾಗ ಅವಳು ಕತ್ತೆತ್ತಿ ನೋಡುತ್ತಿದ್ದಳು. ಎಡದಿಂದ ಏಳನೆಯದೋ, ಎಂಟನೆಯದೋ? ಊರಿಗೆ ಕೊಟ್ಟದ್ದನ್ನು ಊರು ಚೆನ್ನಾಗಿ ನೋಡಿಕೊಂಡಿತು ಎಂದು ಅವಳು ಒಮ್ಮೆ ಜೋರಾಗಿಯೇ ಅಂದಿದ್ದಳು. ಅವಳ ನಾಲಿಗೆಯ ಕೀರ್ತಿ ಶುರುವಾದದ್ದು ಅಲ್ಲಿಂದ.

ಅವಳಿಗೆ ಹುಟ್ಟಿದ ಮಗಳ ಬೆನ್ನು ಬೇರೆ ಮಕ್ಕಳ ಬೆನ್ನಿನ ಹಾಗೆ ಇರಲಿಲ್ಲ. ಎರಡು ಭುಜದಿಂದ ಸೊಂಟದ ತನಕ ಅಲ್ಲೊಂದು ಹೊಳಪು. ಬಾಗಿಲಲ್ಲಿ ನಿಂತ ಗಂಡ ಅದನ್ನು ನೀಲಿ ಅಂದ. ಒಲೆಯ ಮುಂದೆ ಕೂತ ಅತ್ತೆ ತಲೆಯೆತ್ತಿ, ಎಲ್ಲಿ ನೀಲಿ, ಶುದ್ಧ ಕಂದು, ಹುರಿದ ರಾಗಿಯ ಹಾಗಿದೆ ಅಂದಳು. ಮಗ್ಗುಲಲ್ಲಿ ಮಲಗಿ ಹಾಲು ಕುಡಿಸುವ ತಾಯಿಗೆ ಅದು ನೇರಳೆಯಾಗಿ ಕಾಣುತ್ತಿತ್ತು. ಮಗು ಹೊರಳಿದರೆ ಹಸಿರಾಗುತ್ತಿತ್ತು. ಒಂದು ಮನೆಯ ಮೂವರಿಗೆ ಮೂರು ಬಣ್ಣ.

ಬಾವಿಕಟ್ಟೆಯ ಹೆಂಗಸರಿಗೆ ಇದು ವರ್ಷಗಟ್ಟಲೆ ಮಾತಿಗೆ ಸಾಕಾಯಿತು. ಒಬ್ಬಳು ಪಾಚಿ ಅಂದರೆ ಇನ್ನೊಬ್ಬಳು ನವಿಲಿನ ಕತ್ತು ಅನ್ನುತ್ತಿದ್ದಳು. ಕೊಡ ಇಳಿಸಿ ಜಗಳಕ್ಕೆ ನಿಂತ ದಿನಗಳೂ ಇದ್ದವು.

"ಮಗಳ ಮೈಗೆ ಒಂದೇ ಮಾತಿಲ್ಲ ಕಣೇ, ಅಮ್ಮನ ನಾಲಿಗೆ ಬಂದಿದೆ ಬೆನ್ನಿಗೆ" ಎಂದು ಒಬ್ಬಳು ನಕ್ಕಳು.

"ನಿನ್ನ ಮಗಳಿಗೆ ನಿನ್ನ ಬುದ್ಧಿ ಬಂದಿದೆಯಲ್ಲ, ನಾನು ನಕ್ಕೆನಾ?" ಎಂದಳು ತಾಯಿ, ಕೊಡ ಎತ್ತಿಕೊಂಡು ನಡೆದಳು.

ಆದರೆ ಮಗಳಿಗೆ ತನ್ನ ಬೆನ್ನು ಕಾಣುತ್ತಿರಲಿಲ್ಲ. ಯಾರಿಗೆ ತಾನೇ ಕಾಣುತ್ತದೆ. ಆದ್ದರಿಂದ ಬೆಳಗ್ಗೆ ಎದ್ದ ಕೂಡಲೆ ಅವಳು ಹಿತ್ತಲ ಬಾಗಿಲಿಗೆ ಬಂದು, ಬೆಳಕಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ತಾಯಿ ಬಾಚಣಿಗೆ ಹಿಡಿದು ಅವಳ ಹಿಂದೆ ಕೂರುತ್ತಿದ್ದಳು.

"ಅಮ್ಮಾ, ಇವತ್ತು ಯಾವುದು?"

"ಇವತ್ತು ನೇರಳೆಹಣ್ಣು."

ಮರುದಿನ, "ಅಮ್ಮಾ, ಇವತ್ತು ಯಾವುದು?"

"ಇವತ್ತು ಬೆಂಕಿಯ ಬುಡದ ನೀಲಿ. ಅಲ್ಲಾಡಬೇಡ, ಜಡೆ ಸೊಟ್ಟಗಾಗುತ್ತೆ. ಹಾಂ, ಈಗ ಹಸಿರಾಯ್ತು ನೋಡು, ಅಲ್ಲಾಡಿದ್ದಕ್ಕೆ."

ಮಗಳು ನಗುತ್ತಿದ್ದಳು. ಹಾಗೆ ಐದು ವರ್ಷ ಬೆಳಗಾಯಿತು.

ಆ ಊರಲ್ಲಿ ಹಿಂದೆ ಒಮ್ಮೆ ಮಾತ್ರ ಒಂದು ಮಗುವಿನ ನೀರು ತಿಳಿಯಾಗೇ ಉಳಿದಿತ್ತು. ಮೂರು ಸಲ ಅದ್ದಿದರು, ಮೂರು ಸಲವೂ ತಿಳಿ. ಊರವರು ಬೈಯಲಿಲ್ಲ, ಹೊಡೆಯಲಿಲ್ಲ. ಕೈ ಹಿಡಿದು ಗಡಿಕಲ್ಲಿನ ತನಕ ಕರೆದುಕೊಂಡು ಹೋದರು, ಕಲ್ಲಿನ ಆಚೆ ಬಿಟ್ಟರು, ಹೆಸರನ್ನು ಮರೆತರು. ಆ ಹುಡುಗನ ತಾಯಿ ಸೆರಗಿಗೆ ಹೊಲಿಸಿಕೊಂಡವಳು, ದಾಟುವಂತಿಲ್ಲ. ಅವಳು ಕಲ್ಲಿನ ಈಚೆ ಕೂತಳು. ಈಗಲೂ ಕೂತಿದ್ದಾಳೆ. ಊರವರು ಅವಳನ್ನು ಗಡಿಯಮ್ಮ ಅನ್ನುತ್ತಾರೆ. ದಿನಾ ಊಟದ ಹೊತ್ತಿಗೆ ಒಂದು ತಟ್ಟೆ ಅನ್ನವನ್ನು ಕೋಲಿನಿಂದ ಕಲ್ಲಿನಾಚೆ ತಳ್ಳುತ್ತಾಳೆ. ಹೆಸರು ಹಿಡಿದು ಕರೆಯುವಂತಿಲ್ಲ. "ಏ..." ಅನ್ನುತ್ತಾಳೆ, ಅಷ್ಟೆ. ಕಾಗೆಗಳು ಬರುತ್ತವೆ.

ಮಗಳಿಗೆ ಐದು ತುಂಬುವ ವರ್ಷ ತಾಯಿ ಅನ್ನದ ತಟ್ಟೆ ಕಂಡರೆ ಸಾಕು, ಎದ್ದು ಹೋಗಿ ಮಗಳನ್ನು ಎತ್ತಿಕೊಳ್ಳುತ್ತಿದ್ದಳು.

ಆ ದಿನ ಬಂತು. ನೆತ್ತಿಯ ಮೇಲೆ ಸೂರ್ಯ ಬಂದ. ತೊಟ್ಟಿಯ ಕಾವಲಿಗೆ ಇದ್ದ ಮುದುಕ, ತೊಟ್ಟಿಯಜ್ಜ, ನೀರಿನ ಮೇಲಿನ ಎಲೆ ತೆಗೆದು ಸರಿದು ನಿಂತ. ಗಂಡ ಮಗಳನ್ನು ಇಳಿಸಿದ. ತಾಯಿ ಬರಿಗೈ ಚಾಚಿದಳು.

"ಕೊಡು ಮಗಳೇ."

ಮಗಳು ಕೊಡಲು ತಯಾರಿದ್ದಳು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮುಷ್ಟಿ ಬಿಗಿದು ತನ್ನಲ್ಲಿ ಇದ್ದದ್ದನ್ನೆಲ್ಲ ದಬ್ಬಿದಳು. ನೀರಿನ ಒಳಗಿಂದ ಅವಳ ಬೆನ್ನು ನೀಲಿಯಾಗಿ ಹೊಳೆಯಿತು, ಹಸಿರಾಗಿ ಹೊಳೆಯಿತು. ನೀರು ಮಾತ್ರ ನೀರಾಗೇ ಇತ್ತು. ತಳದ ಬಿಳಿ ಕಲ್ಲು ಕಾಣುತ್ತಿತ್ತು. ಸುತ್ತ ನಿಂತವರು ಹೇಳಬೇಕಾದ ಮಾತು ಹೇಳಲಿಲ್ಲ.

ತೊಟ್ಟಿಯಜ್ಜ ಕೆಟ್ಟವನಲ್ಲ. ಅವನು ನೀರನ್ನು ಬೊಗಸೆಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಬಿಟ್ಟ. ಇನ್ನೂ ಎರಡು ಸಲ ಇದೆ, ಒಂದು ದಿನ ಬಿಟ್ಟು ಒಂದು ದಿನ ಕರೆತನ್ನಿ ಎಂದ.

ಮನೆಗೆ ಬಂದ ಮೇಲೆ ಮಗಳು ಕೇಳಿದ್ದು ಒಂದೇ. ನಾನು ಸರಿಯಾಗಿ ಕೊಡಲಿಲ್ಲವಾ ಅಮ್ಮಾ? ಕೊಟ್ಟೆ ಕಣೇ, ನೀರಿಗೆ ತೆಗೆದುಕೊಳ್ಳೋಕೆ ಬರಲಿಲ್ಲ ಎಂದಳು ತಾಯಿ. ಈ ಮಾತು ಅತ್ತೆಗೆ ಹಿಡಿಸಲಿಲ್ಲ. ಊರ ನೀರಿಗೆ ತಪ್ಪು ಹೊರಿಸುವ ಸೊಸೆ ಇನ್ನು ಹುಟ್ಟಬೇಕು ಎಂದಳು. ಹುಟ್ಟಿ ನಿಮ್ಮ ಮನೆಗೇ ಬಂದಿದ್ದೇನಲ್ಲ ಅತ್ತೆ ಎಂದಳು ತಾಯಿ. ಆದರೆ ಆ ಮಾತಿನಲ್ಲಿ ಎಂದಿನ ಖಾರ ಇರಲಿಲ್ಲ. ಅತ್ತೆಯೂ ಬೆಳೆಸಲಿಲ್ಲ. ಇಬ್ಬರೂ ಗಡಿಕಲ್ಲಿನ ಕಡೆಗೆ ಕಿವಿ ಕೊಟ್ಟಿದ್ದರು. ಅಲ್ಲಿಂದ "ಏ..." ಕೇಳುತ್ತಿತ್ತು.

ಎರಡನೆಯ ಸಲ ಗಂಡ ಒಂದು ಉಪಾಯ ಮಾಡಿದ. ಮಾತು ಕಡಿಮೆಯವನು, ಇಡೀ ಜನ್ಮದಲ್ಲಿ ಮಾಡಿದ್ದು ಅದೊಂದೇ ಉಪಾಯ. ಮಗಳ ಜಡೆಯ ಒಳಗೆ ಅರಿಶಿನದ ಪುಡಿಯ ಪೊಟ್ಟಣ ಕಟ್ಟಿದ. ಮಗಳನ್ನು ಇಳಿಸಿದಾಗ ತೊಟ್ಟಿಯ ನೀರು ಬಂಗಾರದ ಹಾಗೆ ಹಳದಿಯಾಯಿತು. ಜನ ಬಾಯಿ ತೆರೆದರು, ಕೊಟ್ಟಳು ಅನ್ನುವ ತನಕ ಬಂದರು. ತೊಟ್ಟಿಯಜ್ಜ ಬಗ್ಗಿ ಮೂಸಿದ.

"ಇದು ಮಗುವಿನ ಬಣ್ಣವೋ, ನಿನ್ನ ಹೆಂಡತಿಯ ಹುಳಿಯೋ?"

ಜನ ನಕ್ಕರು. ಗಂಡ ತಲೆ ತಗ್ಗಿಸಿದ. ತಾಯಿ ಬರಿಗೈ ಚಾಚಿದವಳು ಚಾಚಿಯೇ ನಿಂತಿದ್ದಳು. ಅವಳ ಬಾಯಲ್ಲಿ ಆ ಮುದುಕನಿಗೆ ಕೊಡಬಹುದಾದ ಹತ್ತು ಉತ್ತರ ಇದ್ದವು. ಒಂದನ್ನೂ ಕೊಡಲಿಲ್ಲ. ಇನ್ನೊಂದು ಸಲ ಉಳಿದಿತ್ತು, ಅದು ಅವನ ಕೈಯಲ್ಲಿತ್ತು. ಎಲ್ಲರಿಗೂ ಉತ್ತರ ಕೊಟ್ಟವಳು ಉತ್ತರ ನುಂಗುವುದನ್ನು ಊರು ಅವತ್ತು ನೋಡಿತು.

ಮೂರನೆಯ ಸಲದ ಬೆಳಗ್ಗೆ ಅತ್ತೆ ಮೂಲೆಯಿಂದ ಎಣ್ಣೆಯ ಗಿಂಡಿ ತಂದಿಟ್ಟಳು.

"ಹಲಸಿನ ಅಂಟು ನೀರಿಗೆ ಬಿಡುತ್ತಾ? ನೀರು ಹಾಕಿದಷ್ಟೂ ಹಿಡಿಯುತ್ತೆ. ಎಣ್ಣೆ ಹಚ್ಚಿದರೆ ತಾನೇ ಬಿಡೋದು. ಈ ಬಣ್ಣಾನೂ ಅಂಥದ್ದೇ, ಹಠಮಾರಿ. ಮೊದಲು ಒರಟು ಬಟ್ಟೇಲಿ ಒಣಗೈಯಲ್ಲಿ ತಿಕ್ಕು, ಆಮೇಲೆ ಎಣ್ಣೆ ಹಚ್ಚಿ ನೀವು. ಮೈ ಸಡಿಲಾಗಿ ಕೊಡುತ್ತೆ."

ಅತ್ತೆ ಮೊಮ್ಮಗಳ ಒಳ್ಳೆಯದಕ್ಕೇ ಹೇಳಿದ್ದು. ತಾಯಿಗೂ ಅದು ಸರಿಯೆನಿಸಿತು. ಹುಟ್ಟಿದ ಕೂಸಿಗೆ ಎಣ್ಣೆ, ಬಾಣಂತಿಗೆ ಎಣ್ಣೆ, ಉಳುಕಿಗೆ ಎಣ್ಣೆ, ತಿರುಗದ ಬೀಗಕ್ಕೆ ಎಣ್ಣೆ. ಎಣ್ಣೆಯಿಂದ ಕೆಟ್ಟ ಮನೆಯನ್ನು ಅವಳು ಕಂಡಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಮಗಳನ್ನು ಕೂರಿಸಿಕೊಂಡಳು. ಮಗಳು ಅಭ್ಯಾಸದಂತೆ ಬೆನ್ನು ತಿರುಗಿಸಿ, ಇವತ್ತು ಯಾವುದು ಎಂದಳು. ಇವತ್ತು ನೀಲಿ ಎಂದಳು ತಾಯಿ. ಹೌದು, ಆ ಬೆಳಗ್ಗೆ ಅದು ಎಂದೂ ಇಲ್ಲದಷ್ಟು ನೀಲಿಯಾಗಿತ್ತು.

ಒರಟು ಬಟ್ಟೆ ಎಡಭುಜದಿಂದ ಕೆಳಗೆ ಒಂದು ಸಲ ಹೋಯಿತು. ಹೋದ ದಾರಿ ಕಂದಾಗಿ ಉಳಿಯಿತು, ಕೆರೆಯ ಪಾಚಿಯಲ್ಲಿ ಎಮ್ಮೆ ನಡೆದ ಹಾಗೆ. ತಾಯಿ ಬಟ್ಟೆಯನ್ನು ತಿರುಗಿಸಿ ನೋಡಿದಳು. ಅದರಲ್ಲಿ ನೀಲಿ ಇರಬೇಕಿತ್ತು. ಇದ್ದದ್ದು ಒಂದು ಚಿಟಿಕೆ ಕಂದು ಪುಡಿ, ರಾಗಿ ಹಿಟ್ಟಿಗಿಂತ ನುಣ್ಣಗೆ.

"ಅತ್ತೆ, ನೀಲಿ ಬರ್ತಾ ಇಲ್ಲ. ಹೋಗ್ತಾ ಇದೆ, ಬರ್ತಾ ಇಲ್ಲ."

"ಇನ್ನೂ ತಿಕ್ಕು. ಮೇಲಿನದು ಕೊಳೆ. ಒಳಗಿದೆ ಬಣ್ಣ."

ಇನ್ನೂ ತಿಕ್ಕಿದಳು. ಆಗ ಅವಳಿಗೆ ಆ ಬೆನ್ನು ಹತ್ತಿರದಿಂದ ಕಂಡಿತು. ಐದು ವರ್ಷ ಪ್ರೀತಿಯಿಂದ ನೋಡಿದ್ದಳು, ಹೀಗೆ ನೋಡಿರಲಿಲ್ಲ. ಒಂದೊಂದು ಕಣವೂ ಕಂದು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು, ಸಾಲಾಗಿ, ಸಾಲಿನ ಮೇಲೆ ಸಾಲಾಗಿ. ಬೆಳಕು ಆ ಹೆಂಚಿನ ಸಂದಿಯಲ್ಲಿ ನುಗ್ಗಿ, ಅಲ್ಲಿ ದಾರಿ ತಪ್ಪಿ, ಬೇರೆ ಬಟ್ಟೆ ಉಟ್ಟುಕೊಂಡು ಹೊರಗೆ ಬರುತ್ತಿತ್ತು. ನೀಲಿ ಅನ್ನುವುದು ಅಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಜೋಡಣೆ ಮಾತ್ರ. ಮನೆಯನ್ನು ಕೊಡು ಎಂದು ಕೇಳಿದರೆ ಹೆಂಚು ಇಳಿಸಿ ಕೊಡಬಹುದು. ನೆರಳನ್ನು ಇಳಿಸಿ ಕೊಡುವುದು ಹೇಗೆ?

ಇದು ತಿಳಿದಾಗ ಅರ್ಧ ಬೆನ್ನು ಹೋಗಿತ್ತು.

ಅವಳ ಕೈ ನಿಂತಿತು. ಊರ ಸೆರಗು ಗಾಳಿಗೆ ಪಟಪಟ ಅಂದಿತು. ಸೂರ್ಯ ನೆತ್ತಿಗೆ ಏರುತ್ತಿದ್ದ. ಗಡಿಕಲ್ಲಿನ ಕಡೆಯಿಂದ ತಟ್ಟೆ ತಳ್ಳುವ ಸದ್ದು, ಆಮೇಲೆ ಆ ಕೂಗು. ಕಲ್ಲಿನ ಈಚೆ ಕೂರುವ ಜಾಗ ಇನ್ನೂ ಒಬ್ಬಳಿಗೆ ಆಗುವಷ್ಟಿತ್ತು.

ಮಗಳು ಕತ್ತು ಹೊರಳಿಸದೆ ಕೇಳಿದಳು. "ಅಮ್ಮಾ, ಬರ್ತಾ ಇದೆಯಾ?"

"ಬರ್ತಾ ಇದೆ ಚಿನ್ನ, ಬರ್ತಾ ಇದೆ."

ತಾಯಿ ಬಟ್ಟೆಯ ಪುಡಿಯನ್ನು ತನ್ನ ಸೆರಗಿನ ತುದಿಗೆ ಕೊಡವಿ ಗಂಟು ಕಟ್ಟಿದಳು. ಆಮೇಲೆ ಬೊಗಸೆಗೆ ಎಣ್ಣೆ ಸುರಿದುಕೊಂಡಳು. ಹರಳೆಣ್ಣೆ ಬೆಚ್ಚಗಿತ್ತು. ಉಳಿದ ಅರ್ಧ ಬೆನ್ನಿನ ಮೇಲೆ ಅಂಗೈ ಇಟ್ಟಳು, ಹುಟ್ಟಿದ ದಿನ ಮೊದಲ ಸಲ ಮುಟ್ಟಿದ ಹಾಗೆಯೇ. ಎಣ್ಣೆ ಹೆಂಚಿನ ಸಂದಿ ಸಂದಿಗೂ ಇಳಿಯಿತು. ಬೆಳಕಿಗೆ ನುಗ್ಗಲು ಜಾಗ ಇಲ್ಲದಾಯಿತು. ದೀಪಕ್ಕೆ ಎಣ್ಣೆ ಹಾಕಿದರೆ ಉರಿಯುತ್ತದೆ. ಇದು ಎಣ್ಣೆ ಹಾಕಿದ್ದಕ್ಕೆ ಆರಿತು. ಅವಳು ನೀವುತ್ತಾ ಹೋದಳು. ಸೊಂಟದ ಹತ್ತಿರ ಕಾಸಿನಷ್ಟು ಅಗಲದ ಹಸಿರು ಉಳಿದಿತ್ತು. ಅದರ ಮೇಲೂ ಕೈ ಆಡಿಸಿದಳು. ತಾನೇ ಆಡಿಸಿದಳು, ಯಾರೂ ಅವಳ ಕೈ ಹಿಡಿದು ಆಡಿಸಲಿಲ್ಲ. ಅದನ್ನು ಅವಳು ಕೊನೆಯ ತನಕ ಮರೆಯಲಿಲ್ಲ.

ನೆತ್ತಿಯ ಮೇಲೆ ಸೂರ್ಯ ಬಂದ. ಗಂಡ ಮಗಳನ್ನು ಇಳಿಸಿದ. ತಾಯಿ ಕೈ ಚಾಚಿದಳು. ಕೈ ಬರಿದಾಗಿರಲಿಲ್ಲ, ಜಿಡ್ಡಾಗಿತ್ತು.

"ಕೊಡು ಮಗಳೇ."

ನೀರಿನ ಮೇಲೆ ಎಣ್ಣೆಯ ತೆಳು ಪೊರೆ ಎದ್ದಿತು, ಅದರ ಕೆಳಗೆ ಮೆಲ್ಲಗೆ ಕಂದು ಇಳಿಯಿತು. ಕೆಸರೂ ಅಲ್ಲ, ಮಣ್ಣೂ ಅಲ್ಲ, ತೆಳ್ಳನೆಯ ಕಂದು. ತೊಟ್ಟಿಯಜ್ಜ ಬೊಗಸೆಯಲ್ಲಿ ಎತ್ತಿದ, ಮೂಸಿದ, ಬೆಳಕಿಗೆ ಹಿಡಿದ, ಬಹಳ ಹೊತ್ತು ಹಿಡಿದ. ಅವನಿಗೂ ಇನ್ನೊಂದು ಮಗುವನ್ನು ಕೈ ಹಿಡಿದು ನಡೆಸುವ ಮನಸ್ಸು ಇರಲಿಲ್ಲವೇನೋ.

"ಕಂದು" ಎಂದ. "ಇದೂ ಒಂದು ಬಣ್ಣ. ಹೊಲಿಯಿರಿ."

ಕೊಟ್ಟಳು, ಎಂದಿತು ಊರು. ಕೊಟ್ಟಳು, ಕೊಟ್ಟಳು. ಬಾವಿಕಟ್ಟೆಯ ಹೆಂಗಸರು ಕಣ್ಣೊರೆಸಿಕೊಂಡರು. ನಾನು ಮೊದಲೇ ಹೇಳಿರಲಿಲ್ಲವಾ ಹುರಿದ ರಾಗಿ ಎಂದು, ಎಂದಳು ಅತ್ತೆ, ಅಳುತ್ತಾ, ಹೆಮ್ಮೆಯಿಂದ. ಒಂದು ಗೇಣು ಕಂದು ಬಟ್ಟೆ ಊರ ಸೆರಗಿಗೆ ಸೇರಿತು. ತಾಯಿ ಮಗಳನ್ನು ಎತ್ತಿಕೊಂಡಳು. ಮಗಳು ಉಳಿದಿದ್ದಳು. ಭಾರವಾಗಿ, ಒದ್ದೆಯಾಗಿ, ಬಿಸಿಯಾಗಿ ತೋಳಿನಲ್ಲಿ ಇದ್ದಳು. ಬೇಕಾದದ್ದು ಅದೇ ತಾನೆ? ಅದೇ. ತಾಯಿ ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಬೇಕಾಗಿ ಬಂತಲ್ಲ ಎಂದು ನಾಚಿದಳು.

ಸಂಜೆಯ ಬಿಸಿಲಿನಲ್ಲಿ ಅವಳು ಗಡಿಕಲ್ಲಿನ ತನಕ ನಡೆದಳು. ಗಂಟಿನಲ್ಲಿದ್ದದ್ದನ್ನು ಆಚೆ ಎಸೆಯೋಣ, ಮಗಳದ್ದು ಅಷ್ಟಾದರೂ ಊರು ದಾಟಲಿ ಎಂದು ಅವಳ ಯೋಚನೆ. ತೊಟ್ಟಿಯಿಂದ ಹರಿದು ಹೋಗುವ ನೀರು ಅವರ ಹಿತ್ತಲನ್ನು ಹಾದು ಆ ಕಲ್ಲಿನ ಹತ್ತಿರ ಇಂಗುತ್ತಿತ್ತು. ಅಲ್ಲಿಯ ಹಸಿ ಮಣ್ಣಿನ ಮೇಲೆ ಚಿಟ್ಟೆಗಳು ಕೂತು ನೀರು ಹೀರುತ್ತಿದ್ದವು. ಆ ಊರಿನ ಚಿಟ್ಟೆಗಳು, ಇನ್ನೇನು ಬಣ್ಣ, ಬೂದಿ.

"ಉಳಿದಳಂತೆ" ಎಂದಳು ಗಡಿಯಮ್ಮ, ತಿರುಗಿ ನೋಡದೆ.

"ಉಳಿದಳು."

"ನಿನಗೆ ಎಣ್ಣೆ ಹೊಳೆಯಿತು. ನನಗೆ ಹೊಳೆಯಲಿಲ್ಲ ನೋಡು."

ನಿನ್ನ ಮಗ ಎಲ್ಲೋ ತನ್ನ ಬಣ್ಣದಲ್ಲೇ ಇದ್ದಾನಲ್ಲ ಅನ್ನೋಣವೇ? ಇದ್ದಾನೋ ಇಲ್ಲವೋ ಯಾರಿಗೆ ಗೊತ್ತು. ತಾಯಿ ಗಂಟು ಬಿಚ್ಚಿದಳು. ಅಂಗೈಯಲ್ಲಿ ಪುಡಿ ಹಿಡಿದು ಕಲ್ಲಿನ ಆಚೆಗೆ ತೂರಿದಳು.

ಗಾಳಿ ಅದನ್ನು ಆಚೆಗೆ ಒಯ್ಯಲಿಲ್ಲ. ಗಾಳಿ ಊರ ಕಡೆಗೆ ಬೀಸುತ್ತಿತ್ತು. ಪುಡಿ ಮರಳಿ ಬಂದು ಹಸಿ ಮಣ್ಣಿನ ಮೇಲೆ, ಕೂತ ಚಿಟ್ಟೆಗಳ ಮೇಲೆ ಬಿತ್ತು. ಅದೂ ಕೈಗೂಡಲಿಲ್ಲ ಎಂದು ಅವಳು ಅಲ್ಲೇ ಕುಕ್ಕರಿಸಿದಳು.

ಆಗ ಚಿಟ್ಟೆಗಳು ರೆಕ್ಕೆ ಮಡಚಿದವು, ಬಿಡಿಸಿದವು. ಮಡಚಿದವು, ಬಿಡಿಸಿದವು. ಒಂದೊಂದು ಸಲಕ್ಕೂ ಒಂದೊಂದು ಕಣ ತನ್ನ ಜಾಗ ಹುಡುಕಿಕೊಂಡಿತು. ಹೆಂಚಿನ ಮೇಲೆ ಹೆಂಚು, ಸಾಲಿನ ಮೇಲೆ ಸಾಲು. ಪುಡಿ ಇದ್ದದ್ದು ಒಂದು ಗಂಟಿನಷ್ಟು, ಎಲ್ಲ ಚಿಟ್ಟೆಗೂ ಸಾಲಲಿಲ್ಲ. ಸಾಕಷ್ಟು ಸಿಕ್ಕವು ಎದ್ದು ಹಾರಿದವು.

"ನೀಲಿ" ಎಂದಳು ತಾಯಿ.

"ಹಸಿರು ಕಣೇ" ಎಂದಳು ಗಡಿಯಮ್ಮ, ಕಲ್ಲಿನ ಈಚೆಯೇ ಇನ್ನೊಂದು ತುದಿಯಿಂದ.

"ನೀಲಿ."

"ಕಣ್ಣು ಸರಿ ಇದೆಯಾ ನಿನಗೆ? ಹಸಿರು."

ತಾಯಿ ನಗಲು ಹೋಗಿ ಅತ್ತಳು. ಚಿಟ್ಟೆಗಳು ಕಲ್ಲಿನ ಮೇಲೆ ಹಾದು ಆಚೆ ಹೋದವು, ಈಚೆ ಬಂದವು, ಮತ್ತೆ ಆಚೆ ಹೋದವು. ಅವುಗಳನ್ನು ಯಾರೂ ಹೊಲಿದಿರಲಿಲ್ಲ.

ಊರು ಬಿಡುತ್ತದೆಯೇ? ಒಂದನ್ನು ಹಿಡಿದು ತೊಟ್ಟಿಯಲ್ಲಿ ಅದ್ದಿದರು, ನೀರು ತಿಳಿಯಾಗೇ ಉಳಿಯಿತು. ಒರಳಿನಲ್ಲಿ ಕುಟ್ಟಿದರು, ಬಂದದ್ದು ಕಂದು ಪುಡಿ. ಈಗಷ್ಟೇ ಇತ್ತಲ್ಲ, ಎಲ್ಲಿ ಹೋಯಿತು ಎಂದು ಒರಳಿನ ಸುತ್ತ ನಿಂತು ಮುಖ ಮುಖ ನೋಡಿಕೊಂಡರು. ಕಳ್ಳಚಿಟ್ಟೆ ಎಂದು ಹೆಸರಿಟ್ಟು ಕೈ ತೊಳೆದುಕೊಂಡರು. ತಾಯಿಗೆ ಅದು ಎಲ್ಲಿ ಹೋಯಿತು ಎಂದು ಗೊತ್ತಿತ್ತು. ಎಲ್ಲೂ ಹೋಗಿರಲಿಲ್ಲ, ಎಲ್ಲೂ ಇರಲೂ ಇಲ್ಲ. ಅವಳು ಹೇಳಲಿಲ್ಲ.

ಎಲ್ಲ ಚಿಟ್ಟೆಗೂ ಆ ಹೊಳಪು ಇಲ್ಲದ್ದು, ಕೆಲವಕ್ಕೆ ಮಾತ್ರ ಇರುವುದು ಈ ಕಾರಣಕ್ಕೆ. ಪುಡಿ ಅಷ್ಟೇ ಇತ್ತು.

ಮರುದಿನ ಬೆಳಗ್ಗೆ ಮಗಳು ಎದ್ದಳು. ಬೆನ್ನು ಊರಿನ ಎಲ್ಲರ ಬೆನ್ನಿನ ಹಾಗೆ ಬೂದಿಯಾಗಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಯಾರಿಗೆ ತಾನೇ ತನ್ನ ಬೆನ್ನು ಕಾಣುತ್ತದೆ. ಕೊಟ್ಟಳು ಕೊಟ್ಟಳು ಎಂದು ಊರು ಕೂಗಿದ್ದು ಕೇಳಿದ್ದಳು, ಆದರೆ ಕೊಟ್ಟ ಮೇಲೂ ಸ್ವಲ್ಪ ಉಳಿದಿರುತ್ತದೆ ಎಂದು ಮಕ್ಕಳಿಗೆ ನಂಬಿಕೆ. ಅವಳು ಹಿತ್ತಲ ಬಾಗಿಲಿಗೆ ಬಂದು, ಬೆಳಕಿಗೆ ಬೆನ್ನು ತಿರುಗಿಸಿ ನಿಂತಳು.

"ಅಮ್ಮಾ, ಇವತ್ತು ಯಾವುದು?"

ತಾಯಿ ಬಾಚಣಿಗೆ ಹಿಡಿದು ಕೂತಿದ್ದಳು. ಹಿತ್ತಲ ಮೋರಿಯ ಹಸಿ ಮಣ್ಣಿನ ಮೇಲೆ ಒಂದು ಚಿಟ್ಟೆ ಬಂದು ಕೂತಿತು, ರೆಕ್ಕೆ ಬಿಡಿಸಿತು. ತಾಯಿ ಮಗಳ ಭುಜದ ಪಕ್ಕದಿಂದ ಅದನ್ನು ನೋಡಿದಳು.

"ಇವತ್ತು... ಬೆಂಕಿಯ ಬುಡದ ನೀಲಿ" ಎಂದಳು. ಚಿಟ್ಟೆ ಹೊರಳಿತು. "ಅಲ್ಲಾಡಬೇಡ ಅಂದೆನಲ್ಲ, ಹಸಿರಾಯ್ತು ನೋಡು."

ಮಗಳು ನಕ್ಕಳು.

ಅಂದಿನಿಂದ ಹಾಗೆಯೇ ನಡೆದಿದೆ. ಬೆಳಗಾಗುತ್ತದೆ, ಮಗಳು ಬೆನ್ನು ತಿರುಗಿಸುತ್ತಾಳೆ, ತಾಯಿ ಚಿಟ್ಟೆ ನೋಡಿ ಹೇಳುತ್ತಾಳೆ. ಮಳೆಯ ದಿನ ಚಿಟ್ಟೆ ಬರುವುದಿಲ್ಲ. ಆಗ ತಾಯಿ, ತಡಿ ಚಿನ್ನ, ಜಡೆ ಸಿಕ್ಕಾಗಿದೆ, ಅನ್ನುತ್ತಾಳೆ. ಸಿಕ್ಕಿಲ್ಲದ ಕೂದಲನ್ನು ಬಿಡಿಸುತ್ತಾ ಮೋರಿಯ ಕಡೆಗೆ ನೋಡುತ್ತಾಳೆ. ಮಳೆ ಸುರಿಯುತ್ತದೆ. ಮಗಳು ಬೆನ್ನು ತೋರಿಸಿಕೊಂಡು, ಅಲ್ಲಾಡದೆ, ನಿಂತೇ ಇರುತ್ತಾಳೆ.